ಐಸಿನಲ್ಲಿಟ್ಟ ರಕ್ತ

ಸುಂದರಣ್ಣನ ಎಡಗೈಯಿಂದ ನಾನು ಎರಡು ಟ್ಯೂಬ್ ರಕ್ತ ತೆಗೆದೆ. ಬೇಕಾಗಿದ್ದದ್ದು ಒಂದೇ. ಎರಡನೆಯದು ನನಗೆ.

ಸುಂದರಣ್ಣ ಎಂದರೆ ಬಂದರಿನಲ್ಲಿ ಮೂವತ್ತೈದು ವರ್ಷ ಮೀನೂಟದ ಹೋಟೆಲು ನಡೆಸಿದವರು. ಈಗ ಎಪ್ಪತ್ತನಾಲ್ಕು ವಯಸ್ಸು, ಶ್ವಾಸಕೋಶದ ಕ್ಯಾನ್ಸರು, ನಾಲ್ಕನೆಯ ಹಂತ. ಅದೆಲ್ಲಕ್ಕಿಂತ ಮುಖ್ಯವಾದದ್ದು, ಅವರು ಡಾಕ್ಟರ್ ಶೋಭಿತ್‌ನ ಅಪ್ಪ. ಶೋಭಿತ್ ನಮ್ಮ ಆಸ್ಪತ್ರೆಯ ಕ್ಯಾನ್ಸರು ವಿಭಾಗದ ದೊಡ್ಡ ಡಾಕ್ಟರು, ನಾನು ಟೆಕ್ನೀಷಿಯನ್ ಆಗಿರುವ ಲ್ಯಾಬಿನ ಯಜಮಾನ. ಎದುರಿಗೆ ಡಾಕ್ಟ್ರೇ, ನೀವು, ಎಲ್ಲ ಉಂಟು. ಇಲ್ಲಿ ಹೇಳುವಾಗ ಅಷ್ಟು ಮರ್ಯಾದೆ ಕೊಡಲು ನನ್ನಿಂದ ಆಗುವುದಿಲ್ಲ.

"ಅಪ್ಪನ ರಕ್ತ ನೀವೇ ತೆಗೀಬೇಕು ನೆಲ್ಲಿ ಮೇಡಂ. ಟೆಸ್ಟ್ ಕೂಡ ನೀವೇ ಮಾಡಿ, ಬೇರೆ ಯಾರ ಕೈಗೂ ಕೊಡ್ಬೇಡಿ," ಎಂದು ಹಿಂದಿನ ದಿನ ಅವನೇ ಬಂದು ಹೇಳಿದ್ದ. ಅಷ್ಟು ನಂಬಿಕೆ ನನ್ನ ಮೇಲೆ. ನನ್ನ ಗಂಡ ಆಂಬ್ರೋಸ್ ಸತ್ತು ಇಪ್ಪತ್ತು ತಿಂಗಳಾಗಿತ್ತು. ಅವನನ್ನು ಕೊಂದದ್ದು ನಾನೋ ಶೋಭಿತ್ತೋ ಎಂಬ ಪ್ರಶ್ನೆ ಆರು ತಿಂಗಳಿನಿಂದ ನನ್ನನ್ನು ಬಿಟ್ಟಿರಲಿಲ್ಲ. ಅಂಥವಳ ಸೂಜಿಯ ಎದುರು ಅವನು ತಾನಾಗಿ ಅಪ್ಪನ ಕೈ ಚಾಚಿಸಿದ.

ಮೊದಲು ಆ ಪರೀಕ್ಷೆ ಎಂಥದ್ದು ಎಂದು ಹೇಳಬೇಕು. ಇಮ್ಯುನೋಥೆರಪಿಯ ಮದ್ದು ಕ್ಯಾನ್ಸರನ್ನು ತಾನೇ ಕೊಲ್ಲುವುದಿಲ್ಲ. ಕೊಲ್ಲುವುದು ನಮ್ಮ ರಕ್ತದ ಬಿಳಿ ಕಣಗಳು. ಕ್ಯಾನ್ಸರು ಆ ಕಣಗಳಿಗೆ ಬ್ರೇಕ್ ಹಾಕಿ ಕೂರಿಸಿರುತ್ತದೆ, ಮದ್ದು ಆ ಬ್ರೇಕನ್ನು ತೆಗೆಯುತ್ತದೆ. ಆದರೆ ಬ್ರೇಕ್ ತೆಗೆದ ಮೇಲೆ ಓಡಲು ಕಣದಲ್ಲಿ ಶಕ್ತಿ ಬೇಕಲ್ಲ. ಆ ಶಕ್ತಿ ಹುಟ್ಟುವುದು ಕಣದೊಳಗಿನ ಮೈಟೊಕಾಂಡ್ರಿಯಾದಲ್ಲಿ. ಅವು ಎಷ್ಟು ಆಮ್ಲಜನಕ ಎಳೆಯುತ್ತವೆ, ಒತ್ತಾಯ ಮಾಡಿದರೆ ಇನ್ನೂ ಎಷ್ಟು ಎಳೆದಾವು ಎಂದು ನಾವು ಮೆಷಿನಿನಲ್ಲಿ ಅಳೆದು ಒಂದು ಅಂಕ ಕೊಡುತ್ತೇವೆ. ಇಪ್ಪತ್ತೈದರ ಮೇಲಿದ್ದರೆ ಮದ್ದು ಹಿಡಿಯುತ್ತದೆ, ಕೆಳಗಿದ್ದರೆ ಹಿಡಿಯುವುದಿಲ್ಲ. ಇದು ಶೋಭಿತ್‌ನ ಸಂಶೋಧನೆ. ಇದರಿಂದಲೇ ಅವನ ಹೆಸರು ದೇಶವಿದೇಶದಲ್ಲಿ ಓಡಾಡುತ್ತದೆ.

ಆಂಬ್ರೋಸನಿಗೆ ಇದನ್ನು ನಾನು ವಿವರಿಸಿ ಹೇಳಿದಾಗ ಅವನಿಗೆ ಅರ್ಥವಾಗಲು ಅರ್ಧ ನಿಮಿಷ ಸಾಕಾಯಿತು. "ಹಗ್ಗ ಬಿಚ್ಚಿದ್ರೆ ಬೋಟು ಹೋಗ್ತದಾ? ಎಂಜಿನ್ ಸರಿ ಇರ್ಬೇಕು, ಅಷ್ಟೇ ತಾನೇ," ಎಂದ. ನಾವು ಮನೆಯಲ್ಲಿ ಕೊಂಕಣಿ ಮಾತಾಡುವವರು, ಅವನು ಹೇಳಿದ್ದನ್ನು ನಾನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಅವನು ಬಂದರಿನಲ್ಲಿ ಬೋಟು ನಿಲ್ಲುವ ದಕ್ಕೆಯ ಹತ್ತಿರ ಐಸ್ ಪ್ಲಾಂಟಿನಲ್ಲಿ ಮ್ಯಾನೇಜರ್ ಆಗಿದ್ದ. ಬೋಟುಗಳಿಗೆ, ಮೀನಿನ ಲಾರಿಗಳಿಗೆ ಮೂವತ್ತು ವರ್ಷ ಐಸು ಕೊಟ್ಟ ಮನುಷ್ಯ. ಕೆಡುವ ವಸ್ತು ಯಾವುದು ಕಂಡರೂ ಅದನ್ನು ಐಸಿನಲ್ಲಿಡು ಎನ್ನುವವನು. ನನ್ನ ಮಲ್ಲಿಗೆ ಮಾಲೆಯನ್ನೂ ಐಸಿನಲ್ಲಿಟ್ಟು ತಂದುಕೊಡುತ್ತಿದ್ದ.

ಇಪ್ಪತ್ತೈದು ತಿಂಗಳ ಹಿಂದಿನ ಮೇ ತಿಂಗಳು, ಆಂಬ್ರೋಸನಿಗೂ ಕ್ಯಾನ್ಸರು ಎಂದು ಗೊತ್ತಾಗಿತ್ತು. ಆಗ ನಾನು ಪೇಟೆಯ ಆಸ್ಪತ್ರೆಯಲ್ಲಿ ರಕ್ತ ತೆಗೆಯುವ ಕೆಲಸದಲ್ಲಿದ್ದೆ, ಈ ಲ್ಯಾಬು ಪೇಟೆಯಿಂದ ದೂರ ಬಜಪೆಯಲ್ಲಿ. ಆಂಬ್ರೋಸನ ರಕ್ತವನ್ನು ನಾನೇ ತೆಗೆದೆ. ಅಂಕ ಇಪ್ಪತ್ತೈದು ದಾಟಿದರೆ ಶೋಭಿತ್‌ನ ಅಧ್ಯಯನದಲ್ಲಿ ಅವನಿಗೆ ಆ ಮದ್ದು ಉಚಿತವಾಗಿ ಸಿಗಲಿಕ್ಕಿತ್ತು, ಇಲ್ಲದಿದ್ದರೆ ಬರೀ ಕಿಮೋ. ಟ್ಯೂಬ್ ಒಯ್ಯಲು ಆಸ್ಪತ್ರೆಯ ವ್ಯಾನ್ ಡ್ರೈವರ್ ಉಮರಬ್ಬ ಬಂದು ನಿಂತಿದ್ದರು. ಹೊರಗೆ ಉರಿಬಿಸಿಲು, ಅವರಿಗೆ ದಾರಿಯಲ್ಲಿ ಇನ್ನೂ ಮೂರು ಕಡೆ ಹೋಗಲಿಕ್ಕಿತ್ತು.

"ಈ ಬಿಸಿಲಲ್ಲಿ ಮೂರು ಗಂಟೆಯಾ? ಕೊಳೆತು ಹೋಗ್ತದೆ ಮಾರಾಯ್ತಿ," ಎಂದ ಆಂಬ್ರೋಸ್, ತೋಳಿನ ಹತ್ತಿ ಒತ್ತಿ ಹಿಡಿದುಕೊಂಡೇ. ಉಮರಬ್ಬರ ಕಡೆ ತಿರುಗಿ, "ಉಮರಾಕ, ನಮ್ಮ ಪ್ಲಾಂಟ್ ಎದುರು ಒಮ್ಮೆ ನಿಲ್ಸಿ. ಪುಡಿ ಐಸು ಒಂದು ಬಾಕ್ಸ್ ಕೊಡ್ಲಿಕ್ಕೆ ನಾನು ಫೋನ್ ಮಾಡ್ತೇನೆ," ಎಂದ.

ಉಮರಬ್ಬರೂ ಮೊದಲು ಮೀನಿನ ಲಾರಿ ಓಡಿಸಿದವರು. "ಪೊರ್ಬು ಹೇಳುದು ಸರಿ ಉಂಟು," ಎಂದು ತಲೆಯಾಡಿಸಿದರು. ನಮ್ಮ ಕ್ರಿಶ್ಚಿಯನ್ ಗಂಡಸರನ್ನು ಊರಿನವರು ಪೊರ್ಬು ಎಂದೇ ಕರೆಯುವುದು. ಐಸಿನಲ್ಲಿ ಕಳಿಸುವ ಸ್ಯಾಂಪಲ್‌ಗಳು ಬೇರೆ ಪರೀಕ್ಷೆಗಳಿಗೆ ಇವೆ, ಹಾಗಾಗಿ ನನಗೂ ವಿಚಿತ್ರ ಅನಿಸಲಿಲ್ಲ. ಇದನ್ನು ಐಸಿಗೆ ಹಾಕಬಾರದು ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ. "ಹಾಗೇ ಮಾಡಿ," ಎಂದು ನಾನೇ ಟ್ಯೂಬನ್ನು ಉಮರಬ್ಬರ ಕೈಗೆ ಕೊಟ್ಟೆ.

ಅಂಕ ಹನ್ನೊಂದು ಬಂತು. ಕಿಮೋ ಕೊಟ್ಟರು. ಐದು ತಿಂಗಳಿಗೆ ಆಂಬ್ರೋಸ್ ಹೋದ.

ಶೋಭಿತ್ ಮಣ್ಣು ಮಾಡುವಾಗ ಬಂದಿದ್ದ, ಕಪ್ಪು ಪ್ಯಾಂಟು ಬಿಳಿ ಶರ್ಟು ಹಾಕಿಕೊಂಡು. ಮೂರು ತಿಂಗಳ ಮೇಲೆ ನನ್ನನ್ನು ಬಜಪೆಯ ಲ್ಯಾಬಿಗೆ ಹಾಕಿಸಿಕೊಂಡ. ಒಳ್ಳೆಯ ಮನುಷ್ಯ ಎಂದುಕೊಂಡೆ. ಮೊದಲ ವಾರವೇ ಅಲ್ಲಿಯ ವಿಜ್ಞಾನಿ ಸಂಚಿತಾ ನನಗೆ ಕೆಲಸ ಕಲಿಸುತ್ತ, "ಈ ರಕ್ತವನ್ನು ಯಾವ ಕಾರಣಕ್ಕೂ ಐಸಿಗೆ ಹಾಕ್ಬಾರ್ದು ಮೇಡಂ. ಕಣ ಸಾಯುದಿಲ್ಲ, ಆದ್ರೆ ಮೈಟೊಕಾಂಡ್ರಿಯಾ ಮರಗಟ್ಟಿ ಹೋಗ್ತದೆ. ಅಂಕ ಮೂರರಲ್ಲಿ ಒಂದು ಪಾಲಿಗೆ ಇಳೀತದೆ," ಎಂದಳು.

ನಾನು ಟಾಯ್ಲೆಟ್ಟಿಗೆ ಹೋಗಿ ಬಾಗಿಲು ಹಾಕಿಕೊಂಡು ನನ್ನ ಕೈಯನ್ನೇ ಕಚ್ಚಿಕೊಂಡೆ. ಐಸಿನ ಬಾಕ್ಸ್ ಬೇಡ ಎಂದು ಒಂದು ಮಾತು ಹೇಳಿದ್ದರೆ ಆಂಬ್ರೋಸ್ ಬದುಕುತ್ತಿದ್ದನೋ ಏನೋ. ಅವನು ಅವನದೇ ಐಸಿನಿಂದ ಸತ್ತ, ನಾನು ಟ್ಯೂಬ್ ಎತ್ತಿ ಕೊಟ್ಟೆ.

ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಶೋಭಿತ್‌ನ ಕೋಣೆಗೆ ಹೋಗಿ ನೇರ ಕೇಳಿದೆ. ಅವನು ಕುರ್ಚಿಯಿಂದ ಎದ್ದು ಬಂದು, ನನಗೆ ನೀರು ಕೊಟ್ಟು, "ಐಸಿನಲ್ಲಿ ಬಂದಿತ್ತಾ? ನನಗೆ ನೆನಪಿಲ್ಲ ಮೇಡಂ. ಬಂದಿದ್ರೂ ಅಂಥ ವ್ಯತ್ಯಾಸ ಎಂತ ಆಗುದಿಲ್ಲ. ಸಂಚಿತಾ ಸ್ವಲ್ಪ ಹೆಚ್ಚು ಸ್ಟ್ರಿಕ್ಟ್. ನೀವು ಇದನ್ನು ತಲೆಗೆ ಹಚ್ಚಿಕೊಳ್ಬೇಡಿ," ಎಂದ. ಅಷ್ಟು ಹೇಳಿದ್ದೇ ನನಗೆ ಜೀವ ಬಂತು. ಆ ಭಾನುವಾರ ಇಗರ್ಜಿಯಲ್ಲಿ ಅವನ ಹೆಸರು ಹೇಳಿ ಮೇಣದಬತ್ತಿ ಹಚ್ಚಿದೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಪರಚಿಕೊಳ್ಳುವ ಹಾಗೆ ಆಗುತ್ತದೆ.

ಹನ್ನೊಂದು ತಿಂಗಳು ಹಾಗೇ ಕಳೆಯಿತು. ಕಳೆದ ಕ್ರಿಸ್ಮಸ್ಸಿಗೆ ಉಮರಬ್ಬರ ಮನೆಗೆ ಹಬ್ಬದ ತಿಂಡಿ ಕುಸ್ವಾರ್ ಕೊಡಲು ಬೆಂಗ್ರೆಗೆ ಹೋಗಿದ್ದೆ. ಅವರು ಆಗ ನಿವೃತ್ತರಾಗಿದ್ದರು. ಚಾ ಕುಡಿಯುತ್ತ ಆಂಬ್ರೋಸನ ಮಾತು ಬಂತು.

"ಆ ದಿನ ಬಜಪೆಯಲ್ಲಿ ಬಾಕ್ಸ್ ತಗೊಂಡದ್ದು ಡಾಕ್ಟ್ರೇ, ನೆಲ್ಲಿ ಬಾಯಿ," ಎಂದರು. "ಮುಚ್ಚಳ ತೆಗ್ದು ಐಸಿನೊಳಗೆ ಕೈ ಹಾಕಿದ್ರು. ಟ್ಯೂಬನ್ನು ಕರ್ಚೀಫಲ್ಲಿ ಒರೆಸಿದ್ರು. ಅಲ್ಲೇ ಬಾಗಿಲಲ್ಲಿ ತುಂಬ ಹೊತ್ತು ನಿಂತಿದ್ರು, ನಾನು ಸಹಿ ಕೇಳಿದ್ದೂ ಗೊತ್ತಾಗ್ಲಿಲ್ಲ ಅವರಿಗೆ. ಎಂತಕ್ಕೆ ಹಾಗೆ ನಿಂತದ್ದು ಅಂತ ನನಗೆ ಈಗ್ಲೂ ಗೊತ್ತಿಲ್ಲ."

ನನಗೂ ಗೊತ್ತಿರಲಿಲ್ಲ. ಐಸು ಕಂಡಿದ್ದ, ಅದಂತೂ ಖಂಡಿತ. ಐಸು ಮಾಡುವ ಹಾನಿ ಆಗ ಅವನಿಗೆ ಗೊತ್ತಿತ್ತಾ? ಗೊತ್ತಿದ್ದೂ ಹನ್ನೊಂದು ಎಂದು ಬರೆದಿದ್ದರೆ ಆಂಬ್ರೋಸನನ್ನು ಕೊಂದವನು ಅವನು. ನನಗೆ ಹೇಳಿದ ಹಾಗೆ ನಿಜವಾಗಿಯೂ ವ್ಯತ್ಯಾಸವಿಲ್ಲ ಎಂದು ನಂಬಿದ್ದರೆ, ಕೊಂದವಳು ನಾನೇ. ಇದು ತಿಳಿಯದೆ ನನಗೆ ಸಾಯಲೂ ಮನಸ್ಸಿರಲಿಲ್ಲ. ಶೋಭಿತ್‌ನ ಪ್ರಬಂಧದಲ್ಲಿ ಒಂದು ಚಿತ್ರವಿದೆ, ಒಬ್ಬೊಬ್ಬ ರೋಗಿಗೆ ಒಂದೊಂದು ಚುಕ್ಕೆ. ಕೆಳಗೆ ಎಡಮೂಲೆಯ ಚುಕ್ಕೆ ನನ್ನ ಗಂಡ: ಅಂಕ ಹನ್ನೊಂದು, ಬದುಕಿದ್ದು ಐದು ತಿಂಗಳು. ಅವನು ಭಾಷಣ ಮಾಡುವಾಗಲೆಲ್ಲ ಲೇಸರ್ ಬೆಳಕು ಮೊದಲು ಹೋಗುವುದು ಆ ಚುಕ್ಕೆಗೆ. ಮದ್ದು ಕೊಡದೆ ಸಾಯಿಸಿ, ಸತ್ತದ್ದನ್ನೇ ಸಾಕ್ಷಿ ಮಾಡಿಕೊಂಡು ಚಪ್ಪಾಳೆ ತಟ್ಟಿಸಿಕೊಳ್ಳುವುದನ್ನು ನಾನು ಎರಡು ಸಲ ಹಿಂದಿನ ಸಾಲಿನಲ್ಲಿ ಕೂತು ನೋಡಿದ್ದೇನೆ.

ಹೀಗಿರುವಾಗ ಸುಂದರಣ್ಣ ಬಂದರು.

ಅವರ ಹೃದಯ ದುರ್ಬಲ, ಕಿಮೋ ತಡೆದುಕೊಳ್ಳುವ ಹಾಗಿರಲಿಲ್ಲ. ಅಂಕ ಚೆನ್ನಾಗಿದ್ದರೆ ಇಮ್ಯುನೋಥೆರಪಿ ಮಾತ್ರ ಕೊಟ್ಟು ನೋಡುವುದು, ಕಡಿಮೆ ಇದ್ದರೆ ಕಿಮೋದ ಅಪಾಯಕ್ಕೆ ಕೈ ಹಾಕುವುದು ಎಂದು ಶೋಭಿತ್ ತೀರ್ಮಾನಿಸಿದ್ದ. ಮಧ್ಯಾಹ್ನ ಉಬ್ಬಸಕ್ಕೆ ಸ್ಟೀರಾಯ್ಡ್ ಇಂಜೆಕ್ಷನ್ ಸುರು ಮಾಡಲಿಕ್ಕಿತ್ತು. ಅದು ಮೈಗೆ ಹೋದ ಮೇಲೆ ತೆಗೆದ ರಕ್ತ ಈ ಪರೀಕ್ಷೆಗೆ ಬಾರದು. ಬೆಳಗ್ಗೆ ನಾನು ತೆಗೆಯುವುದೇ ಕೊನೆಯ ಒಳ್ಳೆಯ ರಕ್ತ.

ಆ ಬೆಳಗ್ಗೆ ನಾನು ಬಂದರಿಗೆ ಹೋಗಿ, ಆಂಬ್ರೋಸನ ಪ್ಲಾಂಟಿನಿಂದ ಒಂದು ಥರ್ಮೊಕೋಲ್ ಬಾಕ್ಸ್ ಪುಡಿ ಐಸು ತೆಗೆದುಕೊಂಡು ಬಜಪೆಯ ಬಸ್ಸು ಹತ್ತಿದ್ದೆ. ಲ್ಯಾಬಿನಲ್ಲಿ ಐಸು ಇತ್ತು. ನನಗೆ ಅವನ ಐಸೇ ಬೇಕಿತ್ತು.

ಸುಂದರಣ್ಣ ಕುರ್ಚಿಯಲ್ಲಿ ಕೂತು ಆ ಬಾಕ್ಸನ್ನು ನೋಡಿದರು. ಮೇಲೆ ಪ್ಲಾಂಟಿನ ಹೆಸರಿತ್ತು. "ಇದು ಪೊರ್ಬುಗಳ ಐಸು ಅಲ್ವಾ ನೆಲ್ಲಿ ಬಾಯಿ? ನನ್ನ ಹೋಟೆಲಿಗೆ ಬರ್ತಾ ಇದ್ದದ್ದು ಇದೇ. ಸಂಜೆವರೆಗೂ ಕರಗ್ತಾ ಇರ್ಲಿಲ್ಲ. ಪೊರ್ಬು ಮಂಡೆ ಇದ್ದವ, ನನಗೆ ಒಂದು ದಿನವೂ ನೀರು ಐಸು ಕಳಿಸಿದವ ಅಲ್ಲ," ಎಂದರು. ಉಸಿರು ಸಾಲದೆ ಈ ಮಾತನ್ನು ನಾಲ್ಕು ತುಂಡು ಮಾಡಿ ಹೇಳಿದರು. ಆಮೇಲೆ, "ಮಗ ನಿಮ್ಮ ಕೈಯಲ್ಲೇ ಮಾಡಿಸ್ಬೇಕು ಅಂದ. ನಿಮ್ಮ ಕೈ ಒಳ್ಳೆದುಂಟಂತೆ," ಎಂದರು. ನಾನು ಎರಡು ಟ್ಯೂಬ್ ತುಂಬಿಸಿ ಅವರನ್ನು ಕಳಿಸಿದೆ.

ಒಂದು ಟ್ಯೂಬನ್ನು ಆಂಬ್ರೋಸನದರ ಹಾಗೆಯೇ ಮೂರು ಗಂಟೆಗೆಂದು ಐಸಿನಲ್ಲಿ ಹೂತೆ. ಇನ್ನೊಂದನ್ನು ಮೇಜಿನ ಮೇಲೆ ಸ್ಟ್ಯಾಂಡಿನಲ್ಲಿಟ್ಟೆ. ನಾನು ಹಾಕಿದ್ದ ಲೆಕ್ಕಾಚಾರ ಇಷ್ಟು: ಐಸಿನ ಅಂಕವನ್ನು ಶೋಭಿತ್‌ಗೆ ಕಳಿಸುವುದು. ಅವನು ಅದನ್ನು ಒಪ್ಪಿ ಸುಮ್ಮನಾದರೆ ಐಸಿನ ವಿಷಯ ಅವನಿಗೆ ಗೊತ್ತಿಲ್ಲ, ತಪ್ಪು ನನ್ನದು. ಒಡನೆ ಒಳ್ಳೆಯ ಅಂಕ ಕಳಿಸಿ ಕ್ಷಮೆ ಕೇಳುವುದು. ಅವನು ಐಸಿನ ಮಾತೆತ್ತಿದರೆ, ಅವನಿಗೆ ಮೊದಲೇ ಗೊತ್ತಿತ್ತು.

ಇಷ್ಟೇ ಅಂದುಕೊಂಡಿದ್ದೆ ಎಂದರೆ ಸುಳ್ಳಾಗುತ್ತದೆ. ಆ ಮೂರು ಗಂಟೆಯಲ್ಲಿ ಎರಡು ಸಲ ನಾನು ಸ್ಟ್ಯಾಂಡಿನ ಟ್ಯೂಬನ್ನು ಸಿಂಕಿನ ಮೇಲೆ ಹಿಡಿದು ಮುಚ್ಚಳ ತೆಗೆದೆ. ಚೆಲ್ಲಿಬಿಟ್ಟರೆ ಮುಗಿಯಿತು. ನಾನು ಉಂಡದ್ದನ್ನು ಅವನೂ ಉಣ್ಣಲಿ, ಅವನ ಮನೆಯಲ್ಲೂ ಒಂದು ಕುರ್ಚಿ ಖಾಲಿಯಾಗಲಿ ಎನಿಸಿತು. ಎರಡು ಸಲವೂ ಆ ಮುದುಕರು ನೀರು ಐಸಿನ ಬಗ್ಗೆ ಹೇಳಿದ್ದು ನೆನಪಾಗಿ ಮುಚ್ಚಳ ಹಾಕಿದೆ. ಒಂದು ದಿನವೂ ಮೋಸ ಮಾಡದ ಮನುಷ್ಯನ ಹೆಂಡತಿ ನಾನು. ಅದು ನೆನಪಾದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ಎರಡನ್ನೂ ಮೆಷಿನಿಗೆ ಹಾಕಿದೆ. ಐಸಿನದ್ದು ಹನ್ನೆರಡು. ಸ್ಟ್ಯಾಂಡಿನದ್ದು ಮೂವತ್ತೇಳು. ಒಂದೇ ತೋಳು, ಒಂದೇ ಸೂಜಿ, ಒಂದೇ ರಕ್ತ.

ಮೂವತ್ತೇಳನ್ನು ಚೀಟಿಯಲ್ಲಿ ಬರೆದು ಕೋಟಿನ ಕಿಸೆಗೆ ಹಾಕಿಕೊಂಡು, ಹನ್ನೆರಡನ್ನು ಶೋಭಿತ್‌ನ ಫೋನಿಗೆ ಕಳಿಸಿದೆ. ಗೊತ್ತಿಲ್ಲದವನಾಗಿರಲಿ ಎಂದು ಬೇಡಿಕೊಳ್ಳಬೇಕಾ, ಗೊತ್ತಿದ್ದವನಾಗಿರಲಿ ಎಂದು ಬೇಡಿಕೊಳ್ಳಬೇಕಾ, ತಿಳಿಯಲಿಲ್ಲ.

ಪೇಟೆಯಿಂದ ಬಜಪೆಗೆ ಬರಲು ಮುಕ್ಕಾಲು ಗಂಟೆ ಬೇಕು. ಅವನು ಅರ್ಧ ಗಂಟೆಯಲ್ಲಿ ಬಂದ. ಲ್ಯಾಬಿನ ಬಾಗಿಲು ತೆರೆದು, ಚಪ್ಪಲಿ ಕೂಡ ಬದಲಿಸದೆ ಒಳಗೆ ಬಂದವನ ಬಾಯಿಂದ ಹೊರಟ ಮೊದಲ ಮಾತೇ ಅದು.

"ಇದನ್ನು ಐಸಿಗೆ ಹಾಕಿದ್ರಾ?"

ಸಿಕ್ಕಿಬಿದ್ದ. ನನಗೆ ನಗುವೂ ಬಂತು, ಅಳುವೂ ಬಂತು. ಎರಡನ್ನೂ ನುಂಗಿಕೊಂಡೆ.

"ಹಾಕಿದ್ರೆ ಎಂತ ಡಾಕ್ಟ್ರೇ? ಅಂಥ ವ್ಯತ್ಯಾಸ ಎಂತ ಆಗುದಿಲ್ಲ ಅಲ್ವಾ?"

ಅವನು ತಾನು ಹೇಳಿದ ಮಾತನ್ನು ಗುರುತು ಹಿಡಿದ. ಮೇಜಿನ ಮೇಲಿದ್ದ ಐಸಿನ ಬಾಕ್ಸನ್ನು ನೋಡಿದ, ನನ್ನನ್ನು ನೋಡಿದ, ಸ್ಟೂಲಿನ ಮೇಲೆ ಕೂತ.

"ನೆಲ್ಲಿ ಮೇಡಂ, ಅಪ್ಪನಿಗೆ ಸ್ಟೀರಾಯ್ಡ್ ಕೊಟ್ಟು ಆಯ್ತು. ಇನ್ನೊಮ್ಮೆ ರಕ್ತ ತೆಗೆದು ಪ್ರಯೋಜನ ಇಲ್ಲ. ಕಿಮೋ ಅವರು ತಡ್ಕೊಳ್ಳುದಿಲ್ಲ. ಈ ಹನ್ನೆರಡು ನಿಜವಾ ಸುಳ್ಳಾ, ದಯವಿಟ್ಟು ಹೇಳಿ."

"ಆಂಬ್ರೋಸನ ಹನ್ನೊಂದು ನಿಜವಾ ಸುಳ್ಳಾ? ನೀವು ಮೊದಲು ಹೇಳಿ."

"ಇದು ಪೊಲೀಸ್ ಕೇಸ್ ಆಗ್ತದೆ, ಗೊತ್ತುಂಟಾ? ನಿಮ್ಮ ಕೆಲಸ ಹೋಗ್ತದೆ," ಎಂದ.

"ಹೋಗ್ಲಿ. ನನ್ನ ಗಂಡನೇ ಹೋಗಿದ್ದಾನೆ, ಕೆಲಸ ಯಾವ ಲೆಕ್ಕ. ಆ ದಿನ ಬಾಗಿಲಲ್ಲಿ ಟ್ಯೂಬ್ ಒರೆಸಿಕೊಂಡು ನಿಂತು ಎಂತ ಯೋಚನೆ ಮಾಡಿದ್ರಿ, ಅದು ಹೇಳಿ. ಮತ್ತೆ ನನ್ನ ಕಿಸೆಯಲ್ಲಿ ಎಂತ ಉಂಟು ಅಂತ ನಾನು ಹೇಳ್ತೇನೆ."

ಅವನ ಕಣ್ಣು ನನ್ನ ಕಿಸೆಗೆ ಹೋಯಿತು. ಎರಡನೆಯ ಟ್ಯೂಬಿನ ವಿಷಯ ಅವನಿಗೆ ಆಗ ಹೊಳೆಯಿತು. ಬುದ್ಧಿವಂತ, ಅದರಲ್ಲಿ ಎರಡು ಮಾತಿಲ್ಲ.

"ಅಧ್ಯಯನಕ್ಕೆ ಜನ ಸೇರಿಸ್ಲಿಕ್ಕೆ ಮರುದಿನ ಕಡೇ ದಿನ ಆಗಿತ್ತು," ಎಂದ. "ಮೂವತ್ತು ಜನ ಬೇಕಿತ್ತು, ಅವರು ಮೂವತ್ತನೆಯವರು. ಐಸಿನದ್ದು ಲೆಕ್ಕಕ್ಕೆ ತಗೊಳ್ಬಾರ್ದು ಅಂತ ಗೊತ್ತಿತ್ತು. ಅವರ ಕೇಸ್ ತುಂಬ ಮುಂದೆ ಹೋಗಿತ್ತು ಮೇಡಂ, ಹೇಗೂ ಅಂಕ ಕಡಿಮೆಯೇ ಇರ್ತಿತ್ತೂಂತ ಅಂದ್ಕೊಂಡೆ."

"ಅಂದ್ಕೊಂಡ್ರಿ."

"ಹೌದು."

"ಇನ್ನೊಮ್ಮೆ ತೆಗೀರಿ ಅಂತ ನನಗೊಂದು ಫೋನ್ ಮಾಡಿದ್ರೆ ಸಾಕಿತ್ತು ಡಾಕ್ಟ್ರೇ. ನಾನು ಅವನನ್ನು ಹೊತ್ಕೊಂಡು ಬರ್ತಿದ್ದೆ."

ಅವನ ಎದುರು ಅಳಬಾರದು ಎಂದು ಕಪಾಟಿನ ಕಡೆ ತಿರುಗಿ, ಅಧ್ಯಯನದ ರಿಜಿಸ್ಟರ್ ತೆಗೆದು ಅವನ ಮುಂದೆ ಹಾಕಿದೆ. ದಪ್ಪ ಪುಸ್ತಕ, ಒಬ್ಬೊಬ್ಬ ರೋಗಿಗೆ ಒಂದೊಂದು ಸಾಲು. ಸುಂದರಣ್ಣನ ಸಾಲಿನಲ್ಲಿ ಮೊದಲು ನಾನೇ ಬರೆದೆ: ಒಂದು ಟ್ಯೂಬನ್ನು ಬೇಕೆಂದೇ ಐಸಿನಲ್ಲಿಟ್ಟು ಸುಳ್ಳು ಅಂಕ ಕಳಿಸಿದವಳು ನಾನು. ಕೆಳಗೆ ಸಹಿ ಹಾಕಿದೆ. ಆಮೇಲೆ ಪುಟ ಹಿಂದಕ್ಕೆ ತಿರುಗಿಸಿ ಮೂವತ್ತನೆಯ ಸಾಲಿಗೆ ಬೆರಳಿಟ್ಟೆ.

"ಇಲ್ಲಿ ನೀವು ಬರೆಯಿರಿ. ಐಸಿನಲ್ಲಿ ಬಂದ ರಕ್ತ, ಗೊತ್ತಿದ್ದೂ ಅಂಕ ಕೊಟ್ಟದ್ದು. ಹಾಗೇ ಬರೆಯಿರಿ."

"ಇದು ಬರೆದ್ರೆ ಪ್ರಬಂಧ ವಾಪಸ್ ತಗೊಳ್ಬೇಕಾಗ್ತದೆ. ಎಲ್ಲ ಹೋಗ್ತದೆ ನೆಲ್ಲಿ ಮೇಡಂ."

"ಹೌದು."

"ಬರೆಯದಿದ್ರೆ?"

ನಾನು ಕಿಸೆಯಿಂದ ಚೀಟಿ ತೆಗೆದು, ಮಡಚಿದ ಹಾಗೆಯೇ ಬಾಕ್ಸಿನಲ್ಲಿ ಕರಗಿದ ಐಸು ನೀರಿನ ಮೇಲೆ ಹಿಡಿದೆ. ಬರೆಯದಿದ್ದರೆ ನಾನು ಎಂತ ಮಾಡುತ್ತಿದ್ದೆ ಎಂದು ನನಗೆ ಈಗಲೂ ಗೊತ್ತಿಲ್ಲ. ಅವನಿಗೆ ಅದು ಗೊತ್ತಾಗಲಿಲ್ಲ ಎನ್ನುವುದೇ ನನ್ನ ಪುಣ್ಯ. ಅವನು ಪೆನ್ನು ತೆಗೆದ.

ಅಕ್ಷರ ಸ್ಪಷ್ಟವಾಗಿ ಬರೆದ. ಸಹಿ ಹಾಕಿದ, ತಾರೀಕು ಹಾಕಿದ. ನಾನು ಆ ಪುಟದ ಫೋಟೋ ತೆಗೆದು ಅವನ ಎದುರೇ ಸಂಚಿತಾಳಿಗೂ ಡೀನ್‌ಗೂ ಕಳಿಸಿದೆ. ಖುಷಿಯಾಯಿತಾ ಎಂದು ಕೇಳಿದರೆ, ಆಯಿತು. ತುಂಬ ಆಯಿತು. ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವನು ಹನ್ನೊಂದರ ಮೇಲೆ ಗೀಟು ಎಳೆದ. ಪೆನ್ನು ಅಲ್ಲೇ ನಿಂತಿತು.

"ಇಲ್ಲಿ ಅಂಕ ಎಷ್ಟೂಂತ ಬರೆಯುದು?"

"ಎಷ್ಟಿತ್ತೋ ಅಷ್ಟು."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಆ ಟ್ಯೂಬು ಹೋಗಿತ್ತು, ಆ ತೋಳು ಮಣ್ಣಿನಲ್ಲಿತ್ತು. "ಗೊತ್ತಿಲ್ಲ," ಎಂದ ಸಣ್ಣಗೆ.

"ಅದನ್ನೇ ಬರೆಯಿರಿ."

ಬರೆದ.

ನಾನು ಚೀಟಿಯನ್ನು ಅವನ ಕೈಗೆ ಕೊಟ್ಟೆ. ಬಿಡಿಸಿ ಮೂವತ್ತೇಳು ಎಂದು ಓದಿದ. ಅವನ ಅಪ್ಪನಿಗೆ ಮದ್ದು ಹಿಡಿಯುತ್ತದೆ. ಓದಿ, ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಅಪ್ಪಾ, ಅಪ್ಪಾ ಎಂದು ಮಕ್ಕಳ ಹಾಗೆ ಅತ್ತ. ನಾನು ನೋಡುತ್ತ ನಿಂತೆ. ಇಪ್ಪತ್ತೈದು ತಿಂಗಳ ಹಿಂದೆ ಒಂದು ಚೀಟಿ ಹಿಡಿದು ಹಾಗೆ ಅಳಬೇಕಾಗಿದ್ದದ್ದು ನಾನು.